ಹಂಡೆಯ ನೀರು, ಮೈಯ ಸುಖ

ದೀಪಾವಳಿಯ ಮೊದಲ ಸಂಜೆಗೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ‘ನೀರು ತುಂಬುವ ಹಬ್ಬ’ವೆಂದು ಹೆಸರು. ಅಂದು ಪಡಸಾಲೆಗಿಂತಲೂ ಬಚ್ಚಲುಮನೆಗೆ ಹೆಚ್ಚಿನ ಮರ್ಯಾದೆ. ವರ್ಷವೆಲ್ಲ ಮಸಿ ಹಿಡಿದು ಕುಳಿತಿದ್ದ ತಾಮ್ರದ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಥಳಥಳಿಸುವಂತೆ ಉಜ್ಜಿ, ಅದರ ಕೊರಳಿಗೆ ಬಳ್ಳಿ ಸುತ್ತಿ, ಅರಿಶಿನ ಕುಂಕುಮವಿಟ್ಟು, ಒಲೆಯ ಮುಂದೆ ರಂಗವಲ್ಲಿ ಬರೆದು, ಹೊಸ ನೀರನ್ನು ಕಂಠಮಟ್ಟ ತುಂಬಿ ಪೂಜೆ ಸಲ್ಲಿಸುವುದು ವಾಡಿಕೆ. ಮರುದಿನ ನರಕ ಚತುರ್ದಶಿಯ ಬೆಳಕು ಹರಿಯುವ ಮುನ್ನವೇ ಮನೆಯ ಹಿರಿಯಾಕೆ ಒಬ್ಬೊಬ್ಬರನ್ನಾಗಿ ಮಣೆಯ ಮೇಲೆ ಕುಳ್ಳಿರಿಸಿ ನೆತ್ತಿಗೆ ಎಣ್ಣೆಯೊತ್ತುತ್ತಾಳೆ. ನೀರನ್ನು ಮೊದಲು ಪೂಜಿಸಿ, ಆಮೇಲೆ ಮೈಮೇಲೆ ಎರೆದುಕೊಳ್ಳುವ ಈ ಪದ್ಧತಿ ಹುಟ್ಟಿದುದು ಹೊಳೆಯ ದಂಡೆಯಲ್ಲಿ ಇರಲಾರದು; ನೀರಿನ ಬೆಲೆಯನ್ನು ಬಲ್ಲ ಬಯಲುಸೀಮೆಯ ಮಂದಿಗೇ ಇದರ ಅರ್ಥ ಚೆನ್ನಾಗಿ ತಿಳಿದೀತು.

ಅಂಥ ಬಯಲುಸೀಮೆಗಳಲ್ಲಿ ಬೆಂಗಳೂರು ಗ್ರಾಮಾಂತರವೂ ಒಂದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಈ ನೆಲದಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೆ ಇಳಿದರೆ, ಅದೇ ಬೆಟ್ಟಸಾಲಿನ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕೆರೆಯತ್ತ ಹೊರಳುತ್ತದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಕುಮುದ್ವತಿ ಹುಟ್ಟುತ್ತದೆ. ಮೂರೂ ಮಳೆಗಾಲದ ಅತಿಥಿಗಳೇ. ಶಿವಗಂಗೆಯ ಬೆಟ್ಟವನ್ನೇರಿದ ಯಾತ್ರಿಕನು ಒಳಕಲ್ಲು ತೀರ್ಥದ ಬಂಡೆಯ ಕುಳಿಯೊಳಗೆ ಕೈಯಿಳಿಸಿ, ಬೆರಳ ತುದಿಗೆ ನೀರು ಸೋಕಿದರೆ ಪುಣ್ಯವೆಂದು ಹಿಗ್ಗುತ್ತಾನೆ. ಈ ನೆಲದ ನೀರಿನ ಕಥೆಯೆಲ್ಲ ಆ ಬೆರಳ ತುದಿಯಲ್ಲಿ ಅಡಗಿದೆಯೆಂದರೂ ಸಲ್ಲುತ್ತದೆ.

ಹಿಂದೆ ಕೆರೆ ತುಂಬಿದರೆ ಬಾವಿ ತುಂಬುತ್ತಿತ್ತು, ಬಾವಿ ತುಂಬಿದರೆ ಹಂಡೆ ತುಂಬುತ್ತಿತ್ತು. 1894ರ ಯೋಜನೆಯಲ್ಲಿ ಹೆಸರಘಟ್ಟದ ಬಳಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯ ನೀರನ್ನು ತಡೆದು ಬೆಂಗಳೂರಿನ ಬಾಯಾರಿಕೆಯನ್ನೇ ತಣಿಸಲಾಯಿತು. ಇಂದು ಅದೇ ನದಿಯ ಮೇಲ್ದಂಡೆಯ ಹಳ್ಳಿಗಳು ಸಾವಿರ ಅಡಿಗೂ ಮಿಕ್ಕಿದ ಕೊಳವೆಬಾವಿಗಳನ್ನು ನಂಬಿ ಬದುಕುತ್ತಿವೆ. ಇಲ್ಲಿಯ ಅಂತರ್ಜಲವನ್ನು ಮಳೆ ಮರಳಿ ತುಂಬುವುದಕ್ಕಿಂತ ಹೆಚ್ಚಾಗಿ ಮೇಲೆತ್ತಲಾಗುತ್ತಿದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನವೊಂದಕ್ಕೆ 55 ಲೀಟರ್ ನೀರೆಂದು ಲೆಕ್ಕ ಹಾಕಿತು. ಕುಡಿಯಲು, ಬೇಯಿಸಲು, ಪಾತ್ರೆ ಬೆಳಗಲು, ಬಟ್ಟೆ ಒಗೆಯಲು, ಮೈ ತೊಳೆಯಲು ಎಲ್ಲಕ್ಕೂ ಸೇರಿ ಅಷ್ಟೇ. ಹೊಸ ಬಡಾವಣೆಯ ಸ್ನಾನಗೃಹದಲ್ಲಿ ನೆತ್ತಿಯ ಮೇಲೆ ಸುರಿಯುವ ಷವರಿನಿಂದ ನಿಮಿಷಕ್ಕೆ ಸುಮಾರು 8ರಿಂದ 10 ಲೀಟರ್ ನೀರು ಇಳಿಯುತ್ತದೆ. ಐದು ನಿಮಿಷ ಅದರಡಿ ನಿಂತವನು ಒಬ್ಬ ಹಳ್ಳಿಗನ ಇಡೀ ದಿನದ ಪಾಲನ್ನು ಬಹುಮಟ್ಟಿಗೆ ಚರಂಡಿಗೆ ಬಿಟ್ಟಂತೆಯೇ ಆಯಿತು.

ಹಾಗಾದರೆ ಸ್ನಾನದ ಸುಖವೆಂಬುದು ನೀರಿನ ಸಿರಿವಂತರಿಗೆ ಮಾತ್ರ ಮೀಸಲೆ? ಖಂಡಿತವಾಗಿಯೂ ಅಲ್ಲ. ಸ್ನಾನದ ಗುಣವಿರುವುದು ನೀರಿನ ರಾಶಿಯಲ್ಲಲ್ಲ, ಅದರ ಹದದಲ್ಲಿ. ಎಷ್ಟು ಬಿಸಿ, ಯಾವ ಹೊತ್ತು, ಮೊದಲು ಯಾವ ಅಂಗಕ್ಕೆ, ಎಷ್ಟು ಹೊತ್ತಿನವರೆಗೆ ಎಂಬ ನಾಲ್ಕು ಮಾತುಗಳನ್ನು ಅರಿತವರಿಗೆ ಒಂದು ಬಕೆಟ್ಟು ನೀರೇ ಸಾಕಷ್ಟು ದೊಡ್ಡ ಕೊಳವಾಗಬಲ್ಲುದು.

ನೀರು ಮೈಗೆ ಮಾಡುವುದೇನು?

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗನೆ ಶಾಖವನ್ನು ಸಾಗಿಸುತ್ತದೆ. ಆದುದರಿಂದಲೇ 25 ಡಿಗ್ರಿಯ ಗಾಳಿ ಹಿತವಾಗಿ ತೋರಿದರೂ 25 ಡಿಗ್ರಿಯ ನೀರು ಮೈಗೆ ಚಳಿಯೆನಿಸುತ್ತದೆ. ತಣ್ಣೀರು ಬಿದ್ದೊಡನೆ ಚರ್ಮದ ಸಣ್ಣ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಉಸಿರು ಒಮ್ಮೆಲೇ ಏರುತ್ತದೆ. ಎದೆ ಬಡಿತವೂ ರಕ್ತದ ಒತ್ತಡವೂ ಹೆಚ್ಚುತ್ತವೆ. ಬಿಸಿನೀರು ಇದಕ್ಕೆ ತೀರ ವಿರುದ್ಧ. ಅದು ನಾಳಗಳನ್ನು ಅರಳಿಸಿ, ರಕ್ತವನ್ನು ಚರ್ಮದತ್ತ ಸೆಳೆದು, ಬಿಗಿದ ಮಾಂಸಖಂಡಗಳನ್ನು ಸಡಿಲಿಸುತ್ತದೆ. ಒಂದೇ ನೀರು ಬೆಳಿಗ್ಗೆ ಎಚ್ಚರಿಸುವುದೂ ಸಂಜೆ ಮಲಗಿಸುವುದೂ ಹೀಗೆ.

ಈ ಶಕ್ತಿಯನ್ನು ಆಯುರ್ವೇದದ ಹಿರಿಯರು ಬಹು ಹಿಂದೆಯೇ ಗುರುತಿಸಿದ್ದರು. ಚರಕ ಸಂಹಿತೆ ಬೆವರು ತರಿಸುವ 13 ವಿಧದ ಸ್ವೇದಗಳನ್ನು ಎಣಿಸುವಾಗ ಬಿಸಿ ದ್ರವವನ್ನು ಮೈಮೇಲೆ ಸುರಿಯುವ ಪರಿಷೇಕವನ್ನೂ ಅದರಲ್ಲಿ ಮುಳುಗಿ ಕುಳಿತುಕೊಳ್ಳುವ ಅವಗಾಹವನ್ನೂ ಸೇರಿಸಿದೆ. ವಾಗ್ಭಟನ ಅಷ್ಟಾಂಗಹೃದಯ ದಿನಚರಿಯ ಅಧ್ಯಾಯದಲ್ಲಿ ಒಂದು ಸೂಕ್ಷ್ಮವನ್ನು ತಿಳಿಸುತ್ತದೆ: ಕೊರಳಿನಿಂದ ಕೆಳಕ್ಕೆ ಬಿಸಿನೀರು ಬಲವನ್ನು ಕೊಡುವುದು; ಅದೇ ನೀರನ್ನು ತಲೆಗೆ ಹಾಕಿದರೆ ಕೂದಲಿಗೂ ಕಣ್ಣಿಗೂ ಕೆಡುಕು. ಊಟವಾದ ಕೂಡಲೇ, ಅಜೀರ್ಣವಿರುವಾಗ, ಭೇದಿಯಾಗುತ್ತಿರುವಾಗ, ನೆಗಡಿಯಾಗಿರುವಾಗ ಸ್ನಾನ ಬೇಡವೆಂದೂ ಅದು ಹೇಳುತ್ತದೆ. ಉಂಡು ಕೈತೊಳೆದೊಡನೆ ಬಚ್ಚಲಿಗೆ ಹೊರಟ ಹುಡುಗರನ್ನು ತಡೆಯುವ ಅಜ್ಜಿಯರು ವಾಗ್ಭಟನನ್ನು ಓದಿದವರಲ್ಲದಿರಬಹುದು. ಆದರೆ ಅವನ ಮಾತು ಅವರ ಬಾಯಲ್ಲಿ ಉಳಿದುಬಂದಿದೆ.

ನಂದಿಯ ನೆರಳಿನಲ್ಲಿ

ಯೂರೋಪಿನಲ್ಲಿ ಜಲಚಿಕಿತ್ಸೆಯೆಂಬುದು ಒಂದು ಶಾಸ್ತ್ರವಾಗಿ ಬೆಳೆದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಸೈಲೀಷಿಯದ ರೈತ ವಿನ್ಸೆಂಟ್ ಪ್ರೀಸ್ನಿಟ್ಜ್ (1799–1851) ಮುರಿದ ತನ್ನ ಪಕ್ಕೆಲುಬುಗಳಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗುಣ ಕಂಡವನೆಂದು ಪ್ರಸಿದ್ಧನಾದ. ಬವೇರಿಯದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ (1821–1897) ಅರಮನೆಯ ಕೊಳಗಳನ್ನೇನೂ ಕೇಳಲಿಲ್ಲ; ಹೂಗಿಡಗಳಿಗೆ ನೀರುಣಿಸುವ ಝಾರಿಯಿಂದಲೇ ಮೊಣಕಾಲಿಗೆ, ತೋಳಿಗೆ, ಬೆನ್ನಿಗೆ ತಣ್ಣೀರು ಹನಿಸಿದ; ಮುಂಜಾನೆ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವುದೂ ಅವನ ಪಾಲಿಗೆ ಒಂದು ಸ್ನಾನವೇ ಆಗಿತ್ತು. ಜರ್ಮನಿಯ ಲೈಪ್ಸಿಗ್ ನಗರದ ಲೂಯಿ ಕೂನೆ (1835–1901) ಕಟಿಸ್ನಾನವನ್ನು ಎತ್ತಿ ಹಿಡಿದ. ಈತನ ಗ್ರಂಥ ಭಾರತದ ಹಲವು ಭಾಷೆಗಳಿಗೆ ಇಳಿದು ಮನೆಮನೆಯನ್ನು ಸೇರಿತು.

ಕೂನೆಯ ಓದುಗರಲ್ಲಿ ಎಲ್ಲರಿಗಿಂತ ಹೆಸರಾದವರು ಗಾಂಧೀಜಿ. 1902ರಲ್ಲಿ ಮುಂಬಯಿಯಲ್ಲಿ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಶೀತಜ್ವರ ಬಂದಾಗ, ವೈದ್ಯರು ಸೂಚಿಸಿದ ಮೊಟ್ಟೆಯನ್ನೂ ಕೋಳಿಯ ಸಾರನ್ನೂ ಒಪ್ಪದೆ, ಮೂರು ಮೂರು ನಿಮಿಷಗಳ ಕಟಿಸ್ನಾನವನ್ನೂ ಒದ್ದೆ ಚಾದರದ ಸುತ್ತನ್ನೂ ಅವರು ನಂಬಿದರು. ಆ ರಾತ್ರಿ ತಂದೆಯ ಮನಸ್ಸು ಎಷ್ಟು ತೊಳಲಿತೆಂಬುದು ಅವರ ಆತ್ಮಕಥೆಯನ್ನು ಓದಿದವರಿಗೆ ಗೊತ್ತು. ಬಾಲಕನು ಬದುಕಿದ. ಆದರೆ ಅಂದು ಆ ಜ್ವರಕ್ಕೆ ನಿಶ್ಚಿತವಾದ ಔಷಧವೇ ಇರಲಿಲ್ಲವೆಂಬುದನ್ನು ಮರೆಯಬಾರದು. ಇಂದು ಅದು ಇದೆ. ಇಂದಿನ ತಾಯಿತಂದೆಯರು ಅಂಥ ಜ್ವರದಲ್ಲಿ ನೀರನ್ನೊಂದನ್ನೇ ನಂಬಿ ಕುಳಿತರೆ ಮಗುವಿನ ಪ್ರಾಣವನ್ನೇ ಪಣವಿಟ್ಟಂತಾಗುತ್ತದೆ.

1927ರ ವಸಂತದಲ್ಲಿ ರಕ್ತದೊತ್ತಡದಿಂದ ಬಳಲಿದ ಗಾಂಧೀಜಿಯನ್ನು ವೈದ್ಯರ ಸಲಹೆಯಂತೆ ವಿಶ್ರಾಂತಿಗಾಗಿ ಕರೆತಂದುದು ಇದೇ ಅರ್ಕಾವತಿಯ ತವರಾದ ನಂದಿಬೆಟ್ಟಕ್ಕೆ. ಸುಮಾರು ಒಂದೂವರೆ ತಿಂಗಳು ಅಲ್ಲಿಯ ತಂಪಿನಲ್ಲಿದ್ದು ಚೇತರಿಸಿಕೊಂಡ ಅವರು 1936ರಲ್ಲಿ ಮತ್ತೊಮ್ಮೆ ಅದೇ ಬೆಟ್ಟವನ್ನು ಏರಿದರು. 1946ರಲ್ಲಿ ಪುಣೆಯ ಬಳಿಯ ಉರುಳಿ ಕಾಂಚನದಲ್ಲಿ ಹಳ್ಳಿಗರಿಗಾಗಿ ನಿಸರ್ಗ ಚಿಕಿತ್ಸೆಯ ಆಶ್ರಮವನ್ನು ತೆರೆದಾಗ, ಬಡವನ ಮನೆಯಲ್ಲಿ ದೊರೆಯುವ ಮಣ್ಣು, ನೀರು, ಗಾಳಿ, ಬೆಳಕುಗಳಿಂದಲೇ ಅವನ ಆರೋಗ್ಯವನ್ನು ಕಾಪಾಡಬೇಕೆಂಬುದು ಅವರ ಹಂಬಲವಾಗಿತ್ತು.

ಆ ಹಾದಿಯ ಚಿಕಿತ್ಸಾಲಯಗಳು ಕರ್ನಾಟಕದಲ್ಲಿ ಈಗ ಹಲವಾರಿವೆ. 1989ರಲ್ಲಿ ಉಜಿರೆಯಲ್ಲಿ ನಿಸರ್ಗ ಚಿಕಿತ್ಸೆಯ ಕಾಲೇಜನ್ನು ಆರಂಭಿಸಿದ ಧರ್ಮಸ್ಥಳದ ಸಂಸ್ಥೆಯವರು 2022ರಲ್ಲಿ ನೆಲಮಂಗಲದ ಬಳಿ ‘ಕ್ಷೇಮವನ’ವನ್ನು ತೆರೆದರು. ಅಂಥಲ್ಲಿಗೆ ಹೋಗಿ ಕೆಲವು ದಿನ ಇರಲು ಎಲ್ಲರಿಗೂ ಅನುಕೂಲವಿರಲಾರದು. ಆದರೆ ಅಲ್ಲಿ ಮಾಡಿಸುವ ಸ್ನಾನಗಳಲ್ಲಿ ಕೆಲವನ್ನು ಮನೆಯ ಬಚ್ಚಲಿನಲ್ಲಿಯೇ ಖರ್ಚಿಲ್ಲದೆ ಮಾಡಿಕೊಳ್ಳಬಹುದು. ಅವು ರೋಗವನ್ನು ಓಡಿಸುವ ಮಂತ್ರಗಳಲ್ಲ. ದಣಿವನ್ನು, ನೋವನ್ನು, ನಿದ್ರೆಗೇಡನ್ನು ಹಗುರಮಾಡುವ ಉಪಾಯಗಳು. ಅಷ್ಟು ಮಾತ್ರ ನಿರೀಕ್ಷಿಸಿದವರಿಗೆ ನಿರಾಶೆಯಾಗದು.

ಒಂದು ಚೊಂಬು ಬಿಸಿ, ಮೂರು ಚೊಂಬು ತಣ್ಣೀರು

ಮೊದಲನೆಯದು ನೀರಿನ ಹದ. ಹಿತವಾದ ಬಿಸಿಸ್ನಾನಕ್ಕೆ 38ರಿಂದ 41 ಡಿಗ್ರಿ ಶಾಖ ಸಾಕು. ಉಷ್ಣಮಾಪಕವಿಲ್ಲದ ಮನೆಯಲ್ಲಿ ಅದನ್ನು ಅಳೆಯುವ ಬಗೆ ಸುಲಭ. ಈ ಎತ್ತರದ ಸೀಮೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತೊಟ್ಟಿಯ ನೀರು ಸಾಮಾನ್ಯವಾಗಿ 20ರಿಂದ 22 ಡಿಗ್ರಿ ಇದ್ದರೆ, ಮೂರು ಚೊಂಬು ತಣ್ಣೀರಿಗೆ ಒಂದು ಚೊಂಬು ಕುದಿನೀರು ಬೆರೆಸಿದಾಗ ತಕ್ಕ ಹದ ತಾನಾಗಿಯೇ ಬರುತ್ತದೆ. ಅಂದರೆ 15 ಲೀಟರಿನ ಬಕೆಟ್ಟಿಗೆ ನಾಲ್ಕು ಲೀಟರಿಗಿಂತ ಹೆಚ್ಚು ಕಾಯಿಸಬೇಕಾಗಿಲ್ಲ. ಅಡುಗೆಮನೆಯ ಒಂದು ಪಾತ್ರೆಯೇ ಸಾಕು. ವಿದ್ಯುತ್ತಿನ ಲೆಕ್ಕದಲ್ಲಿ ಇದು ಒಂದು ಯೂನಿಟ್ಟಿನ ಮೂರನೆಯ ಒಂದು ಪಾಲು. ಆದರೆ ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರವೇ ಕುದಿನೀರು ಬೀಳಬೇಕು. ಬಿಸಿಯನ್ನು ಮೊದಲು ಸುರಿದು ತಣ್ಣೀರಿಗಾಗಿ ಆಚೆ ಹೋದ ಅರೆಗಳಿಗೆಯಲ್ಲಿಯೇ ಅಂಬೆಗಾಲಿಡುವ ಮಕ್ಕಳು ಬಕೆಟ್ಟಿಗೆ ಕೈಯಿಡುವುದು.

ಎರಡನೆಯದು ಕ್ರಮ. ನೆತ್ತಿಯ ಮೇಲೆ ಒಮ್ಮೆಲೇ ಚೊಂಬು ಕವುಚದೆ, ಮೊದಲು ಪಾದ, ಆಮೇಲೆ ಮೊಣಕಾಲು, ತೋಳು, ಬೆನ್ನು, ಎದೆ, ಕಡೆಯಲ್ಲಿ ತಲೆ ಎಂಬ ಸರದಿಯನ್ನಿಟ್ಟುಕೊಂಡರೆ ದೇಹವು ಬೆಚ್ಚದೆ ಹೊಂದಿಕೊಳ್ಳುತ್ತದೆ. ಎರಡು ಚೊಂಬಿನಿಂದ ಮೈ ನೆನೆಸಿ, ನೀರು ನಿಲ್ಲಿಸಿ, ಒರಟು ಬಟ್ಟೆಯಿಂದ ಚೆನ್ನಾಗಿ ತಿಕ್ಕಿ, ಉಳಿದ ನೀರಿನಿಂದ ತೊಳೆದುಕೊಂಡರೆ ಒಂದು ಬಕೆಟ್ಟಿನಲ್ಲಿ ಸ್ನಾನ ತೃಪ್ತಿಯಾಗಿ ಮುಗಿಯುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳ ಒಣಗಾಳಿಗೆ ಮೈ ಬಿರುಕು ಬಿಡುವವರು ಸ್ನಾನದ ತರುವಾಯ ತೇವವಾರುವ ಮುನ್ನವೇ ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆಯನ್ನು ಹಚ್ಚಿಕೊಂಡರೆ ತೇವವು ಚರ್ಮದಲ್ಲಿಯೇ ನಿಲ್ಲುತ್ತದೆ.

ದಣಿದ ಪಾದಗಳಿಗೆ

ದೊಡ್ಡಬಳ್ಳಾಪುರದ ಮನೆಗಳಲ್ಲಿ ವಿದ್ಯುತ್ ಮಗ್ಗದ ಸದ್ದಿನ ನಡುವೆ ದಿನವೆಲ್ಲ ನಿಂತು ಸೀರೆ ನೇಯುವವರ ಕಾಲುಗಳು, ದೇವನಹಳ್ಳಿಯ ದ್ರಾಕ್ಷಿ ತೋಟದಲ್ಲಿ ಕತ್ತೆತ್ತಿ ದುಡಿಯುವವರ ಭುಜಗಳು, ಮುಂಜಾವದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಹೆಣ್ಣುಮಕ್ಕಳ ಸೊಂಟಗಳು ಸಂಜೆಗೆ ಬೇಡುವುದು ಒಂದಿಷ್ಟು ಬಿಸಿಯನ್ನು. ಅವರಿಗೆ ಪಾದಸ್ನಾನಕ್ಕಿಂತ ಸುಲಭವಾದ ಉಪಚಾರವಿಲ್ಲ. ಅರ್ಧ ಬಕೆಟ್ಟು ಬಿಸಿನೀರಿನಲ್ಲಿ, ಮೀನಖಂಡ ಮುಳುಗುವಷ್ಟಕ್ಕೆ, ಕಾಲಿಟ್ಟುಕೊಂಡು 10ರಿಂದ 15 ನಿಮಿಷ ಸುಮ್ಮನೆ ಕುಳಿತರಾಯಿತು. ಹೆಗಲ ಮೇಲೊಂದು ದುಪ್ಪಟಿ ಹೊದೆದುಕೊಂಡರೆ ಹಣೆಯ ಮೇಲೆ ಬೆವರ ಹನಿ ಮೂಡುವುದೂ ಉಂಟು.

ಇದರಿಂದ ನಿದ್ರೆ ಬರುತ್ತದೆಂಬುದು ಹಿರಿಯರ ಅನುಭವ. ಅದಕ್ಕೀಗ ಪ್ರಮಾಣವೂ ದೊರೆತಿದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ 40ರಿಂದ 42.5 ಡಿಗ್ರಿಯ ನೀರಿನಲ್ಲಿ 10 ನಿಮಿಷವಾದರೂ ಸ್ನಾನವನ್ನೋ ಪಾದಸ್ನಾನವನ್ನೋ ಮಾಡಿದವರಿಗೆ ನಿದ್ರೆ ಬೇಗ ಹತ್ತುತ್ತದೆ. ಕಾರಣ ಮೇಲುನೋಟಕ್ಕೆ ವಿಚಿತ್ರವಾಗಿ ತೋರಬಹುದು. ನಿದ್ರೆಗೆ ಜಾರುವ ಮುನ್ನ ದೇಹದ ಒಳಗಿನ ಶಾಖ ತುಸು ಇಳಿಯಬೇಕು. ಬಿಸಿನೀರು ಅಂಗೈ ಅಂಗಾಲುಗಳ ರಕ್ತನಾಳಗಳನ್ನು ಅರಳಿಸಿ, ಒಳಗಿನ ಶಾಖವನ್ನು ಹೊರಕ್ಕೆ ಬಿಟ್ಟುಕೊಡಲು ದಾರಿ ಮಾಡುತ್ತದೆ. ಬಿಸಿಯೇ ತಂಪನ್ನು ಕರೆತರುತ್ತದೆ!

ಮಧುಮೇಹಿಗಳಿಗೆ ಮಾತ್ರ ಇಲ್ಲೊಂದು ಕಟ್ಟೆಚ್ಚರಿಕೆ ಅಗತ್ಯ. ಬಹುಕಾಲದ ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿರುತ್ತದೆ. ನೀರು ಸುಡುತ್ತಿದ್ದರೂ ಅರಿವಾಗುವುದಿಲ್ಲ. ಸುಟ್ಟ ಗಾಯ ಬೇಗ ಮಾಯುವುದೂ ಇಲ್ಲ. ಅಂಥವರು ಬಿಸಿನೀರಿನ ಪಾದಸ್ನಾನವನ್ನು ವೈದ್ಯರನ್ನು ಕೇಳದೆ ಮಾಡಲಾಗದು.

ಕಟಿಸ್ನಾನದ ವಿಧಾನವೂ ಕಷ್ಟವಲ್ಲ. ಅಗಲವಾದ ಟಬ್ಬಿನಲ್ಲಿ ಹೊಕ್ಕುಳು ಮುಟ್ಟುವಷ್ಟು ತಣ್ಣೀರು ತುಂಬಿ, ಕಾಲುಗಳನ್ನು ಹೊರಗಿಟ್ಟು ಕುಳಿತು, ಕಿಬ್ಬೊಟ್ಟೆಯನ್ನು ಬಟ್ಟೆಯಿಂದ ಮೆಲ್ಲನೆ ಉಜ್ಜುತ್ತ ಹತ್ತು ನಿಮಿಷ ಕಳೆಯುವುದು ಕೂನೆಯ ಕ್ರಮ. ಬೇಸಿಗೆಯ ತಾಪದಲ್ಲಿ ಇದು ಹಿತವೆನಿಸುತ್ತದೆ. ಮೂಲವ್ಯಾಧಿಯ, ಗುದದ ಬಿರುಕಿನ ನೋವಿಗೆ ಮಾತ್ರ ತಣ್ಣೀರಿಗಿಂತ ಉಗುರುಬೆಚ್ಚಗಿನ ನೀರು ಮೇಲು. ಅದರಲ್ಲಿ 10ರಿಂದ 15 ನಿಮಿಷ ಕುಳಿತುಕೊಳ್ಳಲು ಆಸ್ಪತ್ರೆಯ ವೈದ್ಯರೂ ಹೇಳುವುದುಂಟು. ಮುಜುಗರದಿಂದ ನೋವನ್ನು ನುಂಗಿಕೊಂಡಿರುವ ಎಷ್ಟೋ ಜನರಿಗೆ ಇದು ದೊಡ್ಡ ಆಸರೆ. ಆದರೆ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಎಣ್ಣೆನೀರು ಮತ್ತು ಗಡಸು ನೀರು

ಯುಗಾದಿಗೂ ದೀಪಾವಳಿಗೂ ಎಣ್ಣೆನೀರು ತಪ್ಪದು. ಕೆಲವು ಮನೆಗಳಲ್ಲಿ ವಾರಕ್ಕೊಮ್ಮೆ ಅದು ಇಂದಿಗೂ ನಡೆಯುತ್ತದೆ. ಹರಳೆಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಬೆಚ್ಚಗೆ ಮಾಡಿ ನೆತ್ತಿಗೂ ಅಂಗಾಲಿಗೂ ತಿಕ್ಕಿ, ಅರ್ಧ ಗಂಟೆ ಎಳೆಬಿಸಿಲಿನಲ್ಲಿ ಕುಳಿತು, ಬಿಸಿನೀರಿನಿಂದ ಮಿಂದು, ಮೆಣಸಿನ ಸಾರಿನ ಊಟ ಮಾಡಿ ಒರಗಿದವನಿಗೆ ಬರುವ ನಿದ್ರೆಯನ್ನು ಯಾವ ಮಾತ್ರೆಯೂ ಕೊಡಲಾರದು. ವಾಗ್ಭಟನೂ ಅಭ್ಯಂಜನದಲ್ಲಿ ತಲೆ, ಕಿವಿ, ಪಾದಗಳನ್ನು ಮರೆಯಬಾರದೆಂದೇ ವಿಧಿಸಿದ್ದಾನೆ.

ಎಣ್ಣೆ ಬಿಡಿಸಲು ಸೀಗೆಪುಡಿ ಏಕೆ? ಇದರಲ್ಲಿ ಈ ಜಿಲ್ಲೆಯವರು ವಿಶೇಷವಾಗಿ ತಿಳಿಯಬೇಕಾದ ಗುಟ್ಟೊಂದಿದೆ. ಆಳದ ಕೊಳವೆಬಾವಿಯ ನೀರು ಕಲ್ಲಿನ ನಡುವೆ ಬಹುಕಾಲ ನಿಂತು ಸುಣ್ಣದ, ಮೆಗ್ನೀಸಿಯಂನ ಲವಣಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿರುವುದು ಉತ್ತಮ. ಬೇರೆ ನೀರಿಲ್ಲದಾಗ 600ರವರೆಗೆ ಒಪ್ಪಬಹುದು. ಅಂಥ ನೀರಿಗೆ ಸಾಬೂನು ಬಿದ್ದರೆ ನೊರೆಗೆ ಬದಲು ಬಿಳಿಯ ಗಷ್ಟು ಹುಟ್ಟಿ, ಕೂದಲಿಗೂ ಬಕೆಟ್ಟಿಗೂ ಅಂಟುತ್ತದೆ. ಅದನ್ನು ತೊಳೆಯಲು ಮತ್ತಷ್ಟು ನೀರು ಸುರಿಯಬೇಕಾಗುತ್ತದೆ. ಸೀಗೆಕಾಯಿಯಲ್ಲೂ ಅಂಟುವಾಳಕಾಯಿಯಲ್ಲೂ ಇರುವ ಸಪೋನಿನ್ ಎಂಬ ದ್ರವ್ಯ ಸುಣ್ಣದೊಡನೆ ಹಾಗೆ ಗಷ್ಟುಗಟ್ಟುವುದಿಲ್ಲ. ಕಡಲೆಹಿಟ್ಟು, ಹೆಸರುಹಿಟ್ಟುಗಳಿಗೂ ಆ ದೋಷವಿಲ್ಲ. ಗಡಸು ನೀರಿನ ನಾಡಿನಲ್ಲಿ ಅಜ್ಜಿಯ ಸೀಗೆಡಬ್ಬಿ ನೀರನ್ನೂ ಉಳಿಸುತ್ತಿತ್ತು, ಕೂದಲನ್ನೂ ಉಳಿಸುತ್ತಿತ್ತು.

ನೀರನ್ನು ಚೆನ್ನಾಗಿ ಕುದಿಸಿ ಆರಿಸಿದರೆ ಗಡಸಿನ ಒಂದು ಅಂಶ ತಳಕ್ಕಿಳಿಯುತ್ತದೆ. ಹಂಡೆಯ ಒಳಮೈಗೂ ಗೀಸರಿನ ಸುರುಳಿಗೂ ಕಟ್ಟುವ ಬಿಳಿಯ ಪೊರೆ ಅದೇ. ಕೆಲವು ಊರುಗಳ ನೀರಿನಲ್ಲಿರುವ ಫ್ಲೋರೈಡು ಹೀಗೆ ಕುದಿಸಿದರೆ ಹೋಗುವುದಿಲ್ಲ. ಅದು ಕುಡಿಯಲು ಕೆಡುಕೇ ಹೊರತು ಸ್ನಾನಕ್ಕೆ ಬಾಧಕವಲ್ಲ. ಮಾಡಿನಿಂದ ಇಳಿಯುವ ಮಳೆನೀರನ್ನು ಶುದ್ಧವಾಗಿ ಹಿಡಿದಿಟ್ಟ ಮನೆಯವರಿಗೆ ತಲೆಸ್ನಾನದ ಕಡೆಯ ಎರಡು ಚೊಂಬಿಗೆ ಅದಕ್ಕಿಂತ ಮೆದುವಾದ ನೀರು ಬೇರೆ ಸಿಕ್ಕದು.

ಬಾಣಂತಿ, ಹಸುಗೂಸು, ಮುದುಕರು

ಬಾಣಂತಿಗೆ ನೀರೆರೆಯುವುದು ಹಳ್ಳಿಗಳಲ್ಲಿ ಒಂದು ವಿದ್ಯೆಯೇ ಸರಿ. ಹೆರಿಗೆಯ ದಣಿವಾರಿಸಿ ಸೊಂಟದ ನೋವನ್ನಿಳಿಸುವ ಆ ಬಿಸಿನೀರಿನ ಉಪಚಾರ ಪ್ರೀತಿಯ ಕುರುಹು. ಆದರೆ ಅದರೊಡನೆ ಅಂಟಿಕೊಂಡು ಬಂದ ಕೆಲವು ರೂಢಿಗಳನ್ನು ಬಿಟ್ಟರೆ ಆ ಪ್ರೀತಿಗೆ ಇನ್ನಷ್ಟು ಬೆಲೆ ಬಂದೀತು. ಮೈ ಕೆಂಪಾಗುವಷ್ಟು ಸುಡುನೀರು ಸುರಿಯುವುದು ಬೇಡ. ಶಸ್ತ್ರಚಿಕಿತ್ಸೆಯ ಹೆರಿಗೆಯಾಗಿದ್ದರೆ ವೈದ್ಯರು ಒಪ್ಪುವವರೆಗೆ ಹೊಟ್ಟೆಯ ಗಾಯದ ಮೇಲೆ ನೀರು ರಭಸದಿಂದ ಬೀಳಬಾರದು. ಮೈಗೆ ಹಂಡೆಗಟ್ಟಲೆ ಎರೆದು ಬಾಯಿಗೆ ಮಾತ್ರ ನೀರು ಕೊಡದಿರುವ ಪದ್ಧತಿಯಂತೂ ತೀರ ತಪ್ಪು. ಮೊಲೆಯೂಡಿಸುವ ತಾಯಿಗೆ ನೀರಡಿಕೆಯಾದಾಗಲೆಲ್ಲ ಕಾಯಿಸಿ ಆರಿಸಿದ ನೀರು ದೊರೆಯಲೇಬೇಕು.

ಹುಟ್ಟಿದ ಕೂಸಿಗೆ 24 ಗಂಟೆ ಕಳೆಯುವವರೆಗಾದರೂ ಸ್ನಾನ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟರೊಳಗೆ ಮಿಂದ ಮಗುವಿನ ಮೈ ತಣ್ಣಗಾಗುವ ಅಪಾಯವಿದೆ. ಎರೆಯುವ ಅಜ್ಜಿಯ ಹದವಾದ ಎಣ್ಣೆಯ ನೀವಿಕೆ ಮಗುವಿಗೆ ಹಿತವೇ. ಆದರೆ ಮೂಗಿಗೂ ಕಿವಿಗೂ ಎಣ್ಣೆ ಬಿಡುವುದು ಸಲ್ಲದು: ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದರೆ ಕಷ್ಟ. ಸಾಂಬ್ರಾಣಿಯ ದಟ್ಟ ಹೊಗೆಯೂ ಎಳೆಯ ಉಸಿರಿಗೆ ಒಗ್ಗುವುದಿಲ್ಲ.

ವಯಸ್ಸಾದವರು ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತೇ ಸ್ನಾನ ಮಾಡುವುದು ಕ್ಷೇಮ. ಬಿಸಿನೀರಿನಿಂದ ರಕ್ತನಾಳಗಳು ಅರಳಿ ಒತ್ತಡ ಇಳಿದಿರುವಾಗ ಥಟ್ಟನೆ ಎದ್ದರೆ ತಲೆಸುತ್ತು ಬರುತ್ತದೆ; ಹಾಸುಗಲ್ಲಿನ ಪಾಚಿ ಉಳಿದ ಕೆಲಸವನ್ನು ಮುಗಿಸುತ್ತದೆ. ಹೃದಯದ ತೊಂದರೆ ಇರುವವರಿಗೆ ಮುಂಜಾನೆಯ ಕೊರೆಯುವ ತಣ್ಣೀರೂ ಬೇಡ, ಸುಡುನೀರೂ ಬೇಡ. ಹಿರಿಯರು ಒಳಗಿರುವಾಗ ಚಿಲಕ ಹಾಕದಿರುವುದು ಸಂಕೋಚದ ಮಾತಲ್ಲ, ವಿವೇಕದ ಮಾತು.

ಕಾಣದ ಶತ್ರು

ಬಚ್ಚಲೊಲೆ ಹೋಗಿ ಗ್ಯಾಸ್ ಗೀಸರು ಬಂದಮೇಲೆ ಸ್ನಾನಗೃಹದಲ್ಲಿ ಒಬ್ಬ ಹೊಸ ಶತ್ರು ಹೊಂಚು ಹಾಕಿದ್ದಾನೆ. ಗಾಳಿಯಾಡದ ಕೋಣೆಯಲ್ಲಿ ಅನಿಲ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಕೆಂಪು ದ್ರವ್ಯವನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಜೋಮು, ಆಮೇಲೆ ಎಚ್ಚರ ತಪ್ಪುವುದು; ಕೂಗಿ ಕರೆಯಲೂ ಅವಕಾಶವಿರದು. ಕರ್ನಾಟಕದ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬಂದಿದೆ. ಗ್ಯಾಸ್ ಗೀಸರು ಸ್ನಾನಗೃಹದ ಹೊರಗೆ, ಬಯಲಿಗೆ ತೆರೆದ ಜಾಗದಲ್ಲಿರಬೇಕು. ಒಳಗೆ ಕಿಟಕಿ ಮುಚ್ಚಬಾರದು. ಒಳಗೆ ಹೋದವರು ಕೂಗಿದರೆ ಓಗೊಡದಿದ್ದಾಗ ಕದ ಮುರಿದು, ಬಯಲಿಗೆ ಎಳೆದುತಂದು, ಆಸ್ಪತ್ರೆಗೆ ಒಯ್ಯುವುದರಲ್ಲಿ ಕ್ಷಣವೂ ವ್ಯರ್ಥವಾಗಬಾರದು.

ಬಚ್ಚಲೊಲೆಯನ್ನು ಉಳಿಸಿಕೊಂಡವರೂ ಒಂದು ಮಾತನ್ನು ನೆನಪಿಡಬೇಕು. ಸೌದೆಯೊಡನೆ ಪ್ಲಾಸ್ಟಿಕ್ ಚೀಲ, ರಬ್ಬರಿನ ಚೂರುಗಳನ್ನು ಒಲೆಗೆ ತುರುಕಿದರೆ ನೀರು ಕಾಯುವುದರ ಜೊತೆಗೆ ಮನೆಯವರ ಎದೆಗೂಡೂ ಹೊಗೆಯಿಂದ ತುಂಬುತ್ತದೆ. ನೀರಿನೊಳಗೆ ಇಳಿಬಿಡುವ ವಿದ್ಯುತ್ ಸಲಾಕೆಯಾದರೆ, ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಆಮೇಲೆಯೇ ನೀರು ಮುಟ್ಟಬೇಕು.

60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ದೊಡ್ಡವರ ಚರ್ಮವನ್ನೇ ಸುಡಬಲ್ಲುದೆಂದರೆ ಮಕ್ಕಳ ಗತಿ ಹೇಳಬೇಕಾಗಿಲ್ಲ. ಸುಟ್ಟಾಗಲೂ ಒದಗುವ ಗೆಳೆಯ ನೀರೇ. ಸುಟ್ಟ ಜಾಗದ ಮೇಲೆ 20 ನಿಮಿಷ ಸಾದಾ ತಣ್ಣೀರು ಹರಿಯಬೇಕು. ಕೊಳಾಯಿ ಇಲ್ಲದಲ್ಲಿ ಚೊಂಬಿನಿಂದ ಮೆಲ್ಲನೆ ಸುರಿಯುತ್ತಿರಬೇಕು. ಮಂಜುಗಡ್ಡೆ, ಶಾಯಿ, ಹಲ್ಲುಜ್ಜುವ ಪೇಸ್ಟು, ಎಣ್ಣೆ ಇವು ಯಾವುವೂ ಕೂಡದು. ಆಮೇಲೆ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರಲ್ಲಿಗೆ ನಡೆಯಬೇಕು. ನೀರನ್ನು ಉಳಿಸಬೇಕಾದ ಮನೆಯಲ್ಲಿಯೂ ಈ ಒಂದು ಸಂದರ್ಭದಲ್ಲಿ ಕೈ ಬಿಗಿ ಹಿಡಿಯಬಾರದು.

ಬಚ್ಚಲಿನಿಂದಾಚೆಗೆ

ಐದು ಜನರ ಸಂಸಾರದಲ್ಲಿ ಒಬ್ಬೊಬ್ಬರೂ ಷವರಿನಡಿ 45 ಲೀಟರ್ ಸುರಿದುಕೊಂಡರೆ ದಿನಕ್ಕೆ 225 ಲೀಟರ್. ಅದೇ ಮನೆಯವರು 15 ಲೀಟರಿನ ಬಕೆಟ್ಟಿನಲ್ಲಿ ಮಿಂದರೆ 75 ಲೀಟರ್. ಉಳಿದ 150 ಲೀಟರು ವರ್ಷಕ್ಕೆ 54 ಸಾವಿರ ದಾಟುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರು ಒಂಬತ್ತು ಸಲ ಬಾಗಿಲಿಗೆ ಬಂದಷ್ಟು ನೀರು. ಸೌರಶಾಖದ ಗೀಸರಿರುವವರು ಬಿಸಿ ಬರುವ ಮುನ್ನ ಕೊಳವೆಯಿಂದ ಬರುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದುಕೊಂಡರೆ ಬೆರೆಸುವ ನೀರು ಅಲ್ಲಿಯೇ ಸಿದ್ಧವಾಗಿರುತ್ತದೆ.

ಮಿಂದ ನೀರಿಗೂ ಹಿಂದಿನವರು ಕೆಲಸ ಹಚ್ಚುತ್ತಿದ್ದರು. ಬಚ್ಚಲಿನ ಕಾಲುವೆ ಹಿತ್ತಲಿನ ಬಾಳೆಯ ಬುಡಕ್ಕೆ, ಕೆಸುವಿನ ಮಡಿಗೆ, ತೆಂಗಿನ ಪಾತಿಗೆ ಹರಿಯುತ್ತಿತ್ತು. ಸೀಗೆಪುಡಿ, ಕಡಲೆಹಿಟ್ಟಿನ ನೀರು ಗಿಡಕ್ಕೆ ಹಾನಿಮಾಡದು; ಬಟ್ಟೆಯ ಮಾರ್ಜಕದ ನೀರನ್ನು ಮಾತ್ರ ಬೇರೆ ಮಾಡಬೇಕು. ಮಿಂದ ನೀರು ನಿಂತು ಸೊಳ್ಳೆ ಹುಟ್ಟದಂತೆ ಪಾತಿಯನ್ನು ಆಗಾಗ ಕೆದಕಿ, ಹರಿವನ್ನು ಒಂದು ದಿನ ಬಾಳೆಗೆ, ಒಂದು ದಿನ ತೆಂಗಿಗೆ ತಿರುಗಿಸಿದರೆ ಸಾಕು. ಕೆರೆ ಬತ್ತಿದ ವರ್ಷದಲ್ಲಿಯೂ ಹಿತ್ತಲಿನಲ್ಲೊಂದು ಬಾಳೆಗೊನೆ ಇಳಿಬಿದ್ದಿರುವ ಮನೆಯನ್ನು ಕಂಡರೆ, ಆ ಮನೆಯವರು ಸ್ನಾನದ ಹದವನ್ನು ಬಲ್ಲವರೆಂದು ಧಾರಾಳವಾಗಿ ತಿಳಿಯಬಹುದು.